ಕಾಡು ಬದಲಾಗಿದೆ ಎಂದವರು

ಶ್ರದ್ಧಾಂಜಲಿ ಸಭೆಗೆ ಬಂದ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆ, ಮಗಳೇ — ನಿಮ್ಮಿಬ್ಬರಿಗೂ ಕೈಮುಗಿಯುತ್ತೇನೆ. ಚೀಟಿಯಲ್ಲಿ ನಾಲ್ಕು ಒಳ್ಳೆಯ ಮಾತು ಬರೆದುಕೊಂಡು ಬಂದಿದ್ದೆ. ಅದು — ಜೇಬಿನಲ್ಲೇ ಇರಲಿ.

ಮೊನ್ನೆ ನಿಮ್ಮ ಮನೆಗೆ ಬಂದಾಗ ಈ ಮಗಳು ಬಾಗಿಲಲ್ಲಿ ನಿಂತು ಕೇಳಿದಳು: "ಅಂಕಲ್, ಆ ತಪ್ಪು ನಿಜವಾಗ್ಲೂ ಅಪ್ಪಂದೇನಾ?" ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಇಲ್ಲಮ್ಮ. ಅಪ್ಪನದಲ್ಲ. ನನ್ನದು. ಅವರ ಮರ್ಯಾದೆ ಹೋದದ್ದು ಎಲ್ಲರೆದುರು, ಹಾಗಾಗಿ ಎಲ್ಲರೆದುರೇ ಹೇಳುತ್ತಿದ್ದೇನೆ.

ಆಫೀಸಿನಲ್ಲಿ ನಾವು ಅವರನ್ನು ಕಾಡಪ್ಪ ಎನ್ನುತ್ತಿದ್ದೆವು. ಜೀವಮಾನದಲ್ಲಿ ಕಾಡಿಗೆ ಕಾಲಿಟ್ಟವರಲ್ಲ, ಪುಣ್ಯಾತ್ಮ. ಒಂದು ಸೊಳ್ಳೆ ಕಂಡರೆ ಕುರ್ಚಿ ಬಿಟ್ಟು ಏಳುತ್ತಿದ್ದರು! ಬಂಧುಗಳಿಗೆ ಅವರ ಕೆಲಸ ಏನೆಂದು ಗೊತ್ತಿರಲಿಕ್ಕಿಲ್ಲ. ಉಪಗ್ರಹದ ರಾಡಾರ್ ನೆಲಕ್ಕೆ ಅಲೆ ಕಳಿಸಿ, ಎಷ್ಟು ಮರಳಿ ಬಂತೆಂದು ಅಳೆಯುತ್ತದೆ. ಹೊಲದ ಮಣ್ಣು ತೇವವಿದ್ದಷ್ಟೂ ಹೆಚ್ಚು ಅಲೆ ಮರಳುತ್ತದೆ; ಅದರಿಂದ ತೇವ ಎಷ್ಟೆಂದು ತಿಳಿಯುತ್ತದೆ. ಆದರೆ ರಾಡಾರ್ ಸರಿಯಿದೆಯೇ ಎಂದು ನೋಡುವುದು ಹೇಗೆ? ಮೇಲೆ ಹೋಗಿ ಬಿಚ್ಚಲಾಗದು. ಅದಕ್ಕೊಂದು ದಟ್ಟ ಕಾಡು ಗೊತ್ತುಮಾಡಿದ್ದೆವು. ವರ್ಷವಿಡೀ ಒಂದೇ ಸಮನೆ ಅಲೆ ಹಿಂದಿರುಗಿಸುವ ಕಾಡು — ತಕ್ಕಡಿಗೆ ತೂಕದ ಕಲ್ಲು ಇದ್ದಂತೆ. ವಾರವಾರವೂ ಅದರ ಅಳತೆ ನೋಡುತ್ತಿದ್ದವರು ಕಾಡಪ್ಪ.

ಎಂಟು ವರ್ಷದ ಹಿಂದೆ, ಒಂದು ಸೋಮವಾರ ಬೆಳಗ್ಗೆ ಗ್ರಾಫ್ ಹಿಡಿದು ನನ್ನ ಕೋಣೆಗೆ ಬಂದರು. "ಸಾರ್, ಕಾಡಿನ ಅಳತೆ ಅರ್ಧ ಡೆಸಿಬೆಲ್ ಇಳಿದಿದೆ." ಅಂದರೆ ಮರಳಿ ಬರುವ ಅಲೆಯ ಬಲ ಹತ್ತರಲ್ಲೊಂದು ಪಾಲು ಕಮ್ಮಿ.

"ರಾಡಾರ್‌ಗೆ ವಯಸ್ಸಾಯ್ತು ಬಿಡ್ರೀ. ಎಲ್ಲ ಅಳತೆಗೂ ಅರ್ಧ ಸೇರಿಸಿಬಿಡಿ," ಎಂದೆ.

"ಇಲ್ಲ ಸಾರ್. ಬೇರೆ ಎರಡು ಕಾಡು ನೋಡ್ದೆ. ಅಲ್ಲಿ ಕೂದಲೆಳೆಯಷ್ಟೂ ಇಳಿದಿಲ್ಲ. ರಾಡಾರ್ ಸರಿಯಾಗೇ ಇದೆ. ಕಾಡೇ ಬದಲಾಗಿದೆ."

ನಾನು ನಕ್ಕೆ. ಹೌದು — ನಕ್ಕೆ. "ಇಪ್ಪತ್ತು ವರ್ಷದಿಂದ ಅಲ್ಲೇ ಇರೋ ಕಾಡು ಎದ್ದು ಎಲ್ಲಿಗ್ರೀ ಹೋಗತ್ತೆ? ಕೈಪಿಡಿಯಲ್ಲಿ ಇರೋದು ಈ ಕಾಡು, ನಿಮ್ಮ ಆ ಎರಡಲ್ಲ."

ಮೂರು ಸಲ ಬಂದರು. ಮೂರನೇ ಸಲ ಅರಚಿದೆ. ತಲೆ ತಗ್ಗಿಸಿ ಹೋಗಿ ಸೇರಿಸಿದರು. ನಿಯಮದಂತೆ ಸಹಿಯೂ ಅವರದೇ.

ಎರಡು ವರ್ಷ ನಮ್ಮ ನಕ್ಷೆಯಲ್ಲಿ ಒಣ ಹೊಲಗಳೂ ತೇವವಾಗಿಯೇ ಕಂಡವು. ದೂರು ಬಂತು. ವಿಮಾನದಿಂದ ತೆಗೆದ ಚಿತ್ರ ತರಿಸಿದರೆ — ಆ ಕಾಡಿನ ಕಾಲುಭಾಗ ಕಡಿದು ಮುಗಿಸಿದ್ದರು. ವಿಚಾರಣೆಯಲ್ಲಿ ಸಹಿ ತೋರಿಸಿ, "ಯಾಕೆ ಸೇರಿಸಿದ್ರಿ?" ಎಂದು ಕೇಳಿದರು. ಕಾಡಪ್ಪ ನನ್ನ ಕಡೆ ತಿರುಗಿ ಹೇಳಿದರು, "ಅದನ್ನ ನಮ್ಮ ಸಾರ್ ಹೇಳ್ತಾರೆ."

ಸಾರ್ ಹೇಳಲಿಲ್ಲ. ಮೇಜಿನ ಮೇಲಿದ್ದ ನೀರಿನ ಲೋಟ ನೋಡುತ್ತ ಕುಳಿತೆ. ಥೂ!

ಅವರನ್ನು ನೆಲಮಾಳಿಗೆಗೆ ಹಾಕಿದರು, ಹಳೆಯ ಟೇಪುಗಳನ್ನು ಕಾಯಲು. ಅಲ್ಲಿ ಆರು ವರ್ಷ. ಲಿಫ್ಟಿನಲ್ಲಿ ನೆಲಮಾಳಿಗೆಯ ಗುಂಡಿಯನ್ನು ನಾನೊಂದು ದಿನವೂ ಒತ್ತಲಿಲ್ಲ. ಅತ್ತಿಗೆ, ಬಡ್ತಿ ಯಾಕೆ ತಪ್ಪಿತೆಂದು ನೀವು ಕೇಳಿದಾಗಲೆಲ್ಲ "ಹೋಗ್ಲಿ ಬಿಡೆ" ಎನ್ನುತ್ತಿದ್ದರಂತೆ. ಅದನ್ನು ಕೇಳಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ.

ಇವತ್ತು ಬೆಳಗ್ಗೆ ನಿರ್ದೇಶಕರಿಗೆ ಎಲ್ಲವನ್ನೂ ಬರೆದುಕೊಟ್ಟಿದ್ದೇನೆ. ಒಂದೂವರೆ ಪುಟ. ಹನ್ನೊಂದು ದಿನ ಮುಂಚೆ ಬರೆದಿದ್ದರೆ ಕಾಡಪ್ಪನೇ ಓದುತ್ತಿದ್ದರು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮೌನ. ಮುಗಿದ ಮೇಲೆ ಯಾರೂ ನನ್ನ ಕೈಕುಲುಕಿ "ಚೆನ್ನಾಗಿ ಮಾತಾಡಿದ್ರಿ" ಎನ್ನಬೇಡಿ. ಅತ್ತಿಗೆಯ ಹತ್ತಿರ ಹೋಗಿ. ಅವರ ಯಜಮಾನರು ಹೇಳಿದ್ದೇ ಸರಿಯಾಗಿತ್ತು ಎಂದು ಹೇಳಿ. ಒಬ್ಬೊಬ್ಬರೂ ಹೇಳಿ.

ಏಳಿ.