ಜೆವಾನ್ ಸ್ಪೈವಿಯ ಎಡಗೈ

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ, ತಮ್ಮ ಚರ್ಚಿನ ನೆಲಮಾಳಿಗೆಯನ್ನು ನಮಗೆ ಬಿಟ್ಟುಕೊಟ್ಟಿರುವ ಪೂಜ್ಯ ಬ್ಲೆಡ್ಸೋ ಅವರೇ. ನಮ್ಮ ವೆಟಾಸ್ಕ ಸ್ಟೇಟ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದ ತರಬೇತುದಾರರೂ, ಸೋಲನ್ನು ಇಸ್ತ್ರಿ ಮಾಡಿದ ಕೋಟಿನ ಹಾಗೆ ಗೌರವದಿಂದ ಧರಿಸಬಲ್ಲವರೂ ಆದ ವಾರೆನ್ ಟೀಗ್ ಅವರೇ. ಕ್ರೀಡಾ ನಿರ್ದೇಶಕರ ಪರವಾಗಿ ಬರಬೇಕಿದ್ದ ಉಪನಿರ್ದೇಶಕರ ಪರವಾಗಿ ಬಂದಿರುವ ಶ್ರೀ ಕಿಂಬ್ರೋ ಅವರೇ. ಇಂದಿನ ಸನ್ಮಾನಿತ ಆಟಗಾರ ಜೆವಾನ್ ಸ್ಪೈವಿ ಅವರೇ, ಅವರ ತಾಯಿ ಶ್ರೀಮತಿ ಒಡೆಸ್ಸಾ ಸ್ಪೈವಿ ಅವರೇ. ನಮ್ಮ ಬಾಸ್ಕೆಟ್‌ಬಾಲ್ ಬಳಗದ ಬಂಧುಗಳೇ. ಹಾಗೂ ಊಟಕ್ಕೆ ಮೊದಲು ಭಾಷಣವಿದೆ ಎಂದು ಯಾರೂ ಹೇಳದ ಕಾರಣ ಸಮಯಕ್ಕೆ ಸರಿಯಾಗಿ ಬಂದು ಸಿಕ್ಕಿಬಿದ್ದಿರುವ ಸಭಿಕರೇ.

ಮೊದಲಿಗೆ ಒಂದು ಕ್ಷಮೆ ಕೇಳಬೇಕು. ಆಹ್ವಾನ ಪತ್ರಿಕೆಯಲ್ಲಿ ವಿಶ್ವವಿದ್ಯಾಲಯದ ಭೋಜನಶಾಲೆ ಎಂದು ಅಚ್ಚಾಗಿತ್ತು. ನಿನ್ನೆ ಫೋನ್ ಬಂತು, ಭೋಜನಶಾಲೆಯಲ್ಲಿ ಇವತ್ತು ಫುಟ್‌ಬಾಲ್ ತಂಡಕ್ಕೆ ಹೊಸದಾಗಿ ಸೇರಲಿರುವ ಹುಡುಗರಿಗೆ ಔತಣವಂತೆ. ಅವರು ಇನ್ನೂ ಸೇರಿಲ್ಲ, ಸೇರಿದರೂ ಸೇರಬಹುದು. ಸೇರಬಹುದಾದವರಿಗೆ ಅಲ್ಲಿ ದನದ ಮಾಂಸದ ದೊಡ್ಡ ದೊಡ್ಡ ತುಂಡುಗಳು. ನಾಲ್ಕು ವರ್ಷ ಆಡಿ ಮುಗಿಸಿದವರಿಗೆ ಇಲ್ಲಿ ಕರಿದ ಕೋಳಿ, ಬೆಂಡೆಕಾಯಿ, ಬಾಳೆಹಣ್ಣಿನ ಪುಡ್ಡಿಂಗ್. ನಾನು ದಂತವೈದ್ಯ. ಪುಡ್ಡಿಂಗ್ ಬಗ್ಗೆ ನನ್ನ ಅಭಿಪ್ರಾಯ ಏನೆಂದು ನಿಮಗೆ ಗೊತ್ತು. ಆದರೂ ಇವತ್ತು ತಿನ್ನಿ. ಸೋತವರಿಗೆ ಸಿಹಿಯಾದರೂ ಬೇಡವೇ?

ಸಭಿಕರೇ, ನಮ್ಮ ಊರು ಎಂಥ ಊರು? ಫುಟ್‌ಬಾಲ್ ಎಂದು ಹೆಸರಿನಲ್ಲಿ ಕಾಲಿದ್ದರೂ ಚೆಂಡನ್ನು ಕೈಯಲ್ಲಿ ಹಿಡಿದು, ತಲೆಗೆ ಕೊಪ್ಪರಿಗೆ ಹಾಕಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುವ ಆಟವನ್ನು ಎಂಬತ್ತು ಸಾವಿರ ಜನ ಕುಳಿತು ನೋಡುವ ಊರು. ಶರತ್ಕಾಲದ ಶನಿವಾರ ಇಲ್ಲಿ ಮದುವೆ ಇಟ್ಟುಕೊಂಡರೆ ಮದುಮಗನೇ ಬರುವುದಿಲ್ಲ. ಪೂಜ್ಯ ಬ್ಲೆಡ್ಸೋ ಅವರು ನಗುತ್ತಿದ್ದಾರೆ, ಅಂಥದ್ದೊಂದು ಮದುವೆಯನ್ನು ಅವರೇ ಮುಂದಕ್ಕೆ ಹಾಕಿದವರು. ಅಂಥ ಊರಿನಲ್ಲಿ ನಾವು ಚಳಿಗಾಲದಲ್ಲಿ ಬಾಸ್ಕೆಟ್‌ಬಾಲ್ ನೋಡುತ್ತೇವೆ. ಯಾಕೆ ನೋಡುತ್ತೇವೆ? ಈ ಪ್ರಶ್ನೆಯನ್ನು ನನ್ನ ಹೆಂಡತಿ ನೊರೀನ್ ನಮ್ಮ ಮದುವೆಯಾದಂದಿನಿಂದ ಕೇಳುತ್ತಿದ್ದಾಳೆ. ಅವಳು ಫುಟ್‌ಬಾಲ್ ಮನೆತನದವಳು. ನಮ್ಮದು ಒಂದು ರೀತಿಯಲ್ಲಿ ಅಂತರ್ಜಾತಿ ವಿವಾಹ.

ನಮ್ಮ ಒಳಾಂಗಣ ಕ್ರೀಡಾಂಗಣವನ್ನು ನೀವು ಬಲ್ಲಿರಿ. ಮೇಲಿನ ಅರ್ಧ ಆಸನಗಳು ಖಾಲಿ ಇರುವುದು ಟಿವಿಯಲ್ಲಿ ಕಾಣಬಾರದೆಂದು ಕಪ್ಪು ಪರದೆ ಕಟ್ಟಿದ್ದಾರೆ. ಹೋದ ವರ್ಷ ಪರದೆಯನ್ನು ಇನ್ನಷ್ಟು ಕೆಳಗಿಳಿಸಿದರು. ಹೀಗೇ ಇಳಿಸುತ್ತಾ ಬಂದರೆ ಒಂದು ದಿನ ಆಟಗಾರರೂ ಪರದೆಯ ಹಿಂದೆಯೇ ಆಡಬೇಕಾದೀತು. ವಾದ್ಯದವರು ಬರುತ್ತಾರೆ, ಆದರೆ ತುತ್ತೂರಿ ಬಂದರೆ ಡೋಲು ಬರುವುದಿಲ್ಲ. ವಿದ್ಯಾರ್ಥಿಗಳು ಬರುತ್ತಾರೆ, ಪಿಟ್ಜಾ ಮುಗಿದೊಡನೆ ಹೋಗುತ್ತಾರೆ. ಆಮೇಲೆ ಉಳಿಯುವವರು ನಾವು. ನಾವು ಕೂಗುತ್ತೇವೆ. ಆ ಖಾಲಿ ಜಾಗದಲ್ಲಿ ನಮ್ಮ ಒಂದೊಂದು ಮಾತೂ ಆಟಗಾರನ ಕಿವಿಗೆ ನೇರವಾಗಿ ಬೀಳುತ್ತದೆ. ಒಮ್ಮೆ ನಾನು ಟೀಗ್ ಅವರಿಗೆ, ಆ ಹುಡುಗನನ್ನು ಹೊರಗೆ ಕೂರಿಸಿ ಎಂದು ಕೂಗಿದಾಗ ಅವರು ತಿರುಗಿ ನೋಡಿ, ಕೂರಿಸಿ ಯಾರನ್ನು ಇಳಿಸಲಿ ಎಂದು ಸಭ್ಯವಾಗಿ ಕೇಳಿದ್ದರು. ಆಸನಗಳ ಸಾಲಿನಲ್ಲಿ ಎತ್ತರದವರು ಯಾರಾದರೂ ಇದ್ದಾರೆಯೇ ಎಂದು ನಾನೇ ಒಮ್ಮೆ ಸುತ್ತ ನೋಡಿದೆ.

ನನಗೆ ಈ ಆಟದ ಹುಚ್ಚು ಹೇಗೆ ಹಿಡಿಯಿತು ಎಂದು ಕೆಲವರು ಕೇಳುತ್ತಾರೆ. ಯಾಕೆಂದರೆ ನಾನು ವೆದರ್ಬಿ. ಕ್ರೀಡಾಂಗಣದ ಉತ್ತರ ದ್ವಾರದ ಮೇಲೆ ಕೆತ್ತಿರುವ ‘ಬುಲ್ ವೆದರ್ಬಿ’ ನನ್ನ ತಂದೆ. ಅವರು ಫುಟ್‌ಬಾಲ್ ಆಡುವಾಗ ಅವರನ್ನು ಕೆಡವಲು ಮೂವರು ಬೇಕಾಗುತ್ತಿತ್ತಂತೆ. ನಾನು ಉದ್ದ ಬೆಳೆದೆ, ಅಗಲ ಬೆಳೆಯಲಿಲ್ಲ, ಆದ್ದರಿಂದ ಬಾಸ್ಕೆಟ್‌ಬಾಲ್ ಸೇರಿದೆ. ಇದೇ ಕಾಲೇಜಿಗೆ ಆಡಿದೆ. ತಂದೆಯವರಿಗೆ ನನ್ನ ಆಟ ನೋಡಲು ಆಗಲಿಲ್ಲ. ಅವರಿಗೆ ಕೆಲಸವಿರುತ್ತಿತ್ತು. ಅವರು ವಿಮಾ ಏಜೆಂಟರು, ಸಂಜೆ ಜನ ಮನೆಯಲ್ಲಿ ಸಿಗುವ ಹೊತ್ತು. ಶನಿವಾರ ಮಧ್ಯಾಹ್ನದ ಆಟಗಳೂ ಇದ್ದವು ನಿಜ, ಆದರೆ ಆಗ ಅವರಿಗೆ ಮೊಣಕಾಲು ನೋವು. ನಮ್ಮ ಒಳಾಂಗಣದಲ್ಲಿ ಮೆಟ್ಟಿಲು ಬಹಳ. ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಇನ್ನೂ ಹೆಚ್ಚು ಮೆಟ್ಟಿಲು ಎಂದು ನೊರೀನ್ ಒಮ್ಮೆ ಹೇಳಿದಳು. ಅಲ್ಲಿ ಪಕ್ಕದಲ್ಲಿ ಕಂಬಿ ಇದೆ, ಹಿಡಿದುಕೊಂಡು ಹತ್ತಬಹುದು ಎಂದು ನಾನು ವಿವರಿಸಿದೆ. ಇರಲಿ. ಮಾತು ಎಲ್ಲಿಗೋ ಹೋಯಿತು.

ಜೆವಾನ್ ಸ್ಪೈವಿ. ಇವರ ಬಗ್ಗೆ ಮಾತಾಡಲು ನನ್ನನ್ನು ಎಬ್ಬಿಸಿದ್ದೀರಿ. ಮೊದಲ ಚಳಿಗಾಲದಲ್ಲಿ ಈ ಯುವಕ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದಾಗ ನಮ್ಮ ಸಾಲಿನವರಿಗೆಲ್ಲ ಬಹಳ ವರ್ಷ ಬೀಗ ಹಾಕಿದ್ದ ಮನೆಯಲ್ಲಿ ದೀಪ ಹತ್ತಿದಂತಾಯಿತು. ಎತ್ತರ, ಓಟ, ಮೃದುವಾದ ಬಲಗೈ. ಆದರೆ ಎಡಗೈ? ಎಡಗೈಯನ್ನು ಇವರು ಕೋಟಿನ ಗುಂಡಿ ಹಾಕಲು ಮಾತ್ರ ಬಳಸುತ್ತಿದ್ದರು. ಎದುರಾಳಿಗಳಿಗೆ ಎರಡನೇ ಆಟದಲ್ಲೇ ಇದು ಗೊತ್ತಾಯಿತು. ಬಲಕ್ಕೆ ಅಡ್ಡ ನಿಂತರೆ ಮುಗಿಯಿತು. ಅಂದಿನಿಂದ ನಾನು ಕೂಗಲು ಶುರು ಮಾಡಿದೆ.

ಒಂದು ಸಂಜೆ ನಾನು ನಿಂತು, ‘ಸ್ಪೈವಿ, ದೇವ್ರು ನಿಂಗೆ ಎರಡು ಕೈ ಕೊಟ್ಟಿದಾನೆ, ಇನ್ನೊಂದು ಯಾರಿಗೆ ಇಟ್ಟಿದೀಯ’ ಎಂದು ಕೂಗಿ ಕುಳಿತೆ. ಹಿಂದಿನ ಸಾಲಿನಿಂದ ಯಾರೋ ನನ್ನ ಭುಜ ತಟ್ಟಿದರು. ಶಾಲಾ ಬಸ್ ಚಾಲಕರ ನೀಲಿ ಅಂಗಿ ತೊಟ್ಟ ಒಬ್ಬ ಮಹಿಳೆ. ಬೋಗ್ ಚಿಟ್ಟೋ ದಾರಿಯ ಆಚೆಗಿನ ಊರಿನಿಂದ ಕೆಲಸ ಮುಗಿಸಿ ನೇರವಾಗಿ ಬಂದಿದ್ದರು.

‘ಆ ಹುಡುಗ ನಿಮಗೆ ಏನಾಗ್ಬೇಕು?’ ಎಂದರು.

‘ಏನೂ ಆಗ್ಬೇಕಿಲ್ಲ.’

‘ನನಗೆ ಮಗ ಆಗ್ಬೇಕು.’

ಸಭಿಕರೇ, ದಂತವೈದ್ಯನ ಬಾಯಿ ಒಣಗುವುದು ಅಪರೂಪ. ನನ್ನ ಬಾಯಿ ಅಂದು ಒಣಗಿತು. ಕ್ಷಮಿಸಿ ಎನ್ನಲು ಪದ ಹುಡುಕುತ್ತಿದ್ದೆ. ಶ್ರೀಮತಿ ಸ್ಪೈವಿಯವರು ಸ್ವಲ್ಪ ಹೊತ್ತು ಆಟ ನೋಡಿದರು. ಮಗ ಮತ್ತೆ ಬಲಕ್ಕೇ ಹೋಗಿ ಚೆಂಡು ಕಳೆದುಕೊಂಡ. ಆಗ ಅವರು ನಿಧಾನವಾಗಿ, ‘ನೀವು ಹೇಳೋದು ಸರಿ. ಮನೇಲೂ ಅಷ್ಟೇ. ಚಿಕ್ಕೋನಿದ್ದಾಗ ಎಡಗೈ ಮುರ್ಕೊಂಡಿದ್ದ, ಆವತ್ತಿಂದ ಅದನ್ನ ನೆಂಟ್ರ ಥರ ನೋಡ್ಕೋತಾನೆ’ ಎಂದರು. ಆಮೇಲೆ ಎದ್ದು ನಿಂತು ನನಗಿಂತ ದೊಡ್ಡ ದನಿಯಲ್ಲಿ ಎಡಗೈ ಎಂದು ಕೂಗಿದರು. ಬಸ್ಸಿನ ತುಂಬ ಮಕ್ಕಳನ್ನು ಸುಮ್ಮನಿರಿಸುವ ದನಿ ಅದು. ರೆಫರಿ ಕೂಡ ತನ್ನ ಎಡಗೈ ನೋಡಿಕೊಂಡ. ಅಂದಿನಿಂದ ಅವರು ಹಿಂದಿನ ಸಾಲಿನಲ್ಲಿ ಕೂರಲಿಲ್ಲ, ನಮ್ಮ ಪಕ್ಕಕ್ಕೇ ಬಂದರು.

ನಾವು ಸೋತೆವು. ಆ ವರ್ಷ ಸೋತೆವು, ಮರುವರ್ಷವೂ ಸೋತೆವು, ಮೂರನೇ ವರ್ಷವೂ ಸೋತೆವು. ಆದರೆ ಸೋಲಿನಲ್ಲೂ ತಾರತಮ್ಯವಿದೆ. ನಾವು ಚೆನ್ನಾಗಿ ಸೋಲುವುದನ್ನು ಕಲಿಯುತ್ತಿದ್ದೆವು. ಅಷ್ಟರಲ್ಲಿ ಹೋದ ವಸಂತದಲ್ಲಿ ಆ ಸುದ್ದಿ ಬಂತು. ಫುಟ್‌ಬಾಲ್ ತರಬೇತುದಾರರು ನಮ್ಮ ಸ್ಪೈವಿಯನ್ನು ನೋಡಿದ್ದಾರೆ, ಇಷ್ಟು ಎತ್ತರದವನು ಚೆಂಡು ಹಿಡಿಯಲು ಬೇಕು ಎಂದಿದ್ದಾರೆ, ಸ್ವಲ್ಪ ದಿನದ ಮಟ್ಟಿಗೆ ಎರವಲು ಕೇಳಿದ್ದಾರೆ. ಎರವಲು! ನೆರೆಮನೆಯವರು ಏಣಿ ಒಯ್ದ ಹಾಗೆ. ನಮ್ಮ ಬಳಗದ ತುರ್ತು ಸಭೆ ಸೇರಿತು. ನಾವು ಎಷ್ಟು ಕೋಪಗೊಂಡೆವೆಂದರೆ, ತಂದಿದ್ದ ತಿಂಡಿ ಹಾಗೇ ಉಳಿಯಿತು. ಟೀಗ್ ಅವರು ಮೂಲೆಯಲ್ಲಿ ಕುಳಿತು ಒಂದೇ ಮಾತು ಹೇಳಿದರು, ‘ಅವನು ಹೋಗ್ತೀನಿ ಅಂದ. ನಾನು ಹೂಂ ಅಂದೆ. ಅವನಿಗೂ ಒಂದ್ಸಲ ತುಂಬಿದ ಸ್ಟೇಡಿಯಂನಲ್ಲಿ ಆಡೋ ಆಸೆ ಇರಲ್ವಾ?’ ನಾವು ತಿಂಡಿಯ ಡಬ್ಬಿಗಳನ್ನು ಮುಚ್ಚಿಕೊಂಡು ಮನೆಗೆ ಹೊರಟೆವು.

ಫುಟ್‌ಬಾಲಿನ ವಸಂತದ ಪ್ರದರ್ಶನ ಪಂದ್ಯಕ್ಕೆ ನೊರೀನ್ ಜೊತೆ ನಾನೂ ಹೋದೆ. ಉತ್ತರ ದ್ವಾರದ ಮೂಲಕ ಹೋಗಬೇಕಾಯಿತು, ಬೇರೆ ದ್ವಾರಗಳಲ್ಲಿ ಜನ ಹೆಚ್ಚಿದ್ದರು. ಸ್ಪೈವಿ ಕೊಪ್ಪರಿಗೆ ಹಾಕಿಕೊಂಡು ಮೈದಾನಕ್ಕೆ ಬಂದ. ಎಲ್ಲರೂ ಒಂದೇ ಬಗೆ ಕಾಣುತ್ತಾರಾದ್ದರಿಂದ ಎತ್ತರದಿಂದ ಮಾತ್ರ ಗುರುತು ಸಿಕ್ಕಿತು. ಒಂದು ಚೆಂಡು ಆಕಾಶದಿಂದ ಇಳಿಯಿತು, ಇವನು ಹಾರಿ ಹಿಡಿದ. ಇಡೀ ಕ್ರೀಡಾಂಗಣ ಗುಡುಗಿತು. ನನ್ನ ಎದೆಯೂ ನಡುಗಿತು ಎಂದು ಒಪ್ಪಿಕೊಳ್ಳುತ್ತೇನೆ. ಮುಂದಿನ ಚೆಂಡು ಎಡಕ್ಕೆ ಬಂತು, ಕೈಜಾರಿತು. ನಾನು ತಡೆಯಲಾರದೆ ಎದ್ದು ‘ಎಡಗೈ’ ಎಂದು ಕೂಗಿದೆ.

‘ಲೈಲ್, ಕೂತ್ಕೋ’ ಎಂದಳು ನೊರೀನ್. ‘ಇಲ್ಲಿ ಯಾರಿಗೂ ಕೇಳ್ಸಲ್ಲ.’

ನಿಜ. ನನಗೇ ಕೇಳಿಸಿರಲಿಲ್ಲ.

ಬೇಸಿಗೆಯ ಕೊನೆಗೆ ಸ್ಪೈವಿ ನನ್ನ ಚಿಕಿತ್ಸಾಲಯಕ್ಕೆ ಬಂದ. ಅಭ್ಯಾಸದಲ್ಲಿ ಯಾರದೋ ಮೊಣಕೈ ತಗುಲಿ ಮುಂದಿನ ಹಲ್ಲು ಚೂರಾಗಿತ್ತು. ನನ್ನ ಕುರ್ಚಿ ಅವನಿಗೆ ಸಾಲದೆ ಕಾಲಿಗೆ ಸ್ಟೂಲ್ ಇಟ್ಟೆವು. ಸಭಿಕರೇ, ಎಂಥ ಅವಕಾಶ! ಎಷ್ಟೋ ದಿನಗಳಿಂದ ನಾನು ಮನಸ್ಸಿನಲ್ಲಿ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ನಿಷ್ಠೆಯ ಬಗ್ಗೆ, ಬಳಗದ ಬಗ್ಗೆ, ಅವನಿಲ್ಲದ ತಂಡದ ಗತಿಯ ಬಗ್ಗೆ. ಕೇಳುಗ ನನ್ನ ಕೈಯಲ್ಲಿದ್ದಾನೆ, ಬಾಯಿ ತುಂಬ ಹತ್ತಿ, ತಿರುಗಿ ಮಾತಾಡುವಂತಿಲ್ಲ. ಇಂಥ ಸಭೆ ಯಾವ ಭಾಷಣಕಾರನಿಗೆ ಸಿಕ್ಕೀತು? ಆದರೆ ದೀಪದ ಬೆಳಕಿನಲ್ಲಿ ಆ ಮುಖ ನೋಡಿದೆ. ಇಪ್ಪತ್ತೊಂದರ ಮುಖ, ಸೂಜಿಗೆ ಹೆದರಿ ಕಣ್ಣು ಮುಚ್ಚಿದೆ. ಭಾಷಣ ಮರೆತುಹೋಯಿತು. ‘ಅಲ್ಲಿ ಖುಷಿಯಾಗಿದ್ದೀಯೇನೋ’ ಎಂದಷ್ಟೇ ಕೇಳಿದೆ. ಅವನು ಹೂಂ ಎಂದು ತಲೆಯಾಡಿಸಿದ. ಹಾಗಾದರೆ ಸರಿ, ಅಲ್ಲೇ ಇರು ಎಂದು ಹೇಳಿ ನಾನು ಕೆಲಸ ಮುಂದುವರಿಸಿದೆ. ಆ ಹಲ್ಲನ್ನು ಬಹಳ ಚೆನ್ನಾಗಿ ಕಟ್ಟಿದ್ದೇನೆ. ಜೆವಾನ್, ಸ್ವಲ್ಪ ನಗು, ಎಲ್ಲರೂ ನೋಡಲಿ. ನೋಡಿದಿರಾ? ಯಾವುದೆಂದು ಗೊತ್ತಾಗುವುದೇ ಇಲ್ಲ.

ಹತ್ತಿ ತೆಗೆದ ಮೇಲೆ ಅವನು ಬಾಯಿ ಮುಕ್ಕಳಿಸಿ, ಕುರ್ಚಿಯಲ್ಲೇ ಎದ್ದು ಕುಳಿತ.

‘ಚೆನ್ನಾಗಿ ನೋಡ್ಕೋತಾರೆ ಡಾಕ್ಟ್ರೇ. ಊಟ, ಬಟ್ಟೆ, ಎಲ್ಲ. ಹಿಡಿದ್ರೆ ಎಲ್ರೂ ಕೂಗ್ತಾರೆ. ಬಿಟ್ರೂ ಎಲ್ರೂ ಕೂಗ್ತಾರೆ. ಆದ್ರೆ ನನ್ನ ಹೆಸ್ರು ಹಿಡಿದು ಒಬ್ರೂ ಬೈಯಲ್ಲ.’

‘ಅದು ಒಳ್ಳೇದಲ್ವೇನೋ?’

‘ಒಳ್ಳೇದೇ’ ಎಂದ. ಹೇಳಿದ ರೀತಿಯಲ್ಲಿ ಅದು ಒಳ್ಳೆಯದೆನಿಸಲಿಲ್ಲ. ಮುಖದ ಅರ್ಧ ಮರಗಟ್ಟಿತ್ತು, ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. ಅಂದು ಮನೆಗೆ ಹೋಗಿ ನೊರೀನ್‌ಗೆ, ನನ್ನ ತಂದೆ ಒಂದೇ ಒಂದು ಸಲ ಬಂದು ನನಗೆ ಬೈದಿದ್ದರೆ, ಎಂದು ಏನೋ ಹೇಳಲು ಹೊರಟೆ. ಅವಳು ಟಿವಿ ಆರಿಸಿದಳು. ಫುಟ್‌ಬಾಲ್ ಬರುತ್ತಿದ್ದ ಟಿವಿ. ನಮ್ಮ ಮನೆಯಲ್ಲಿ ಹಾಗೆ ಎಂದೂ ಆಗಿದ್ದಿಲ್ಲ. ಈ ವಿಷಯ ಇಲ್ಲಿ ಯಾಕೆ ಬಂತೋ, ದಯವಿಟ್ಟು ಮರೆತುಬಿಡಿ.

ಬಾಸ್ಕೆಟ್‌ಬಾಲ್ ಅಭ್ಯಾಸದ ಮೊದಲ ದಿನ ಟೀಗ್ ಅವರು ಎಂದಿನಂತೆ ಬೀಗ ತೆಗೆಯಲು ಹೋದರೆ ಮೆಟ್ಟಿಲ ಮೇಲೆ ಸ್ಪೈವಿ ಕುಳಿತಿದ್ದ. ಫುಟ್‌ಬಾಲಿನವರಿಗೆ ಹೇಳಿ ಬಂದಿದ್ದೇನೆ ಎಂದನಂತೆ. ಟೀಗ್ ಅವರು ಏನಂದರು? ಅವರದೇ ಮಾತಿನಲ್ಲಿ, ‘ಬೇಗ ಬಟ್ಟೆ ಬದಲಾಯ್ಸು, ಚಳಿ ಇದೆ’ ಅಂದರಂತೆ. ಅಷ್ಟೇ. ಫೋನಿನಲ್ಲಿ ನನಗೆ ಇದನ್ನು ಹೇಳುವಾಗ ಮಾತ್ರ ಆ ಮನುಷ್ಯ ನಡುವೆ ಎರಡು ಸಲ ಕೆಮ್ಮಿದರು.

ಈಗ ನೀವು ಅಂದುಕೊಳ್ಳುತ್ತಿರಬಹುದು, ಅವನು ಮರಳಿ ಬಂದ, ತಂಡ ಗೆದ್ದಿತು ಎಂದು. ಶ್ರೀ ಕಿಂಬ್ರೋ ಅವರು ತಲೆಯೆತ್ತಿ ನೋಡುತ್ತಿದ್ದಾರೆ, ಫಲಿತಾಂಶ ಅವರಿಗೆ ಗೊತ್ತಿಲ್ಲವೆಂದು ಕಾಣುತ್ತದೆ. ಇಲ್ಲ ಸ್ವಾಮಿ, ನಾವು ಈ ವರ್ಷವೂ ಸೋತೆವು. ಆದರೆ ಕೊನೆಯ ತವರಿನ ಆಟವನ್ನು ನಾನು ಹೇಳಲೇಬೇಕು. ಎದುರಾಳಿ ನೆರೆಯ ಕೌಂಟಿಯವರು, ಪ್ರತಿ ವರ್ಷ ನಮ್ಮನ್ನು ಹೊಡೆದು ಹೋಗುವವರು. ಆ ಸಂಜೆ ಪಿಟ್ಜಾ ಮುಗಿದ ಮೇಲೂ ವಿದ್ಯಾರ್ಥಿಗಳು ಉಳಿದಿದ್ದರು. ಡೋಲೂ ಬಂದಿತ್ತು. ನೊರೀನ್ ಕೂಡ ಬಂದಿದ್ದಳು, ಚಳಿ ಎಂದು ಫುಟ್‌ಬಾಲ್ ಕಂಬಳಿ ಹೊದ್ದುಕೊಂಡು. ಕೊನೆಯ ಗಳಿಗೆ, ನಾವು ಒಂದೇ ಅಂಕ ಹಿಂದೆ, ಚೆಂಡು ಸ್ಪೈವಿಯ ಕೈಯಲ್ಲಿ. ಬಲಕ್ಕೆ ಇಬ್ಬರು ಗೋಡೆಯಂತೆ ನಿಂತರು. ಎಡಕ್ಕೆ ಬಯಲು. ನಾನು ಕೂಗಲಿಲ್ಲ. ಶ್ರೀಮತಿ ಸ್ಪೈವಿ ನನ್ನ ತೋಳು ಹಿಡಿದಿದ್ದರು, ಅವರೂ ಕೂಗಲಿಲ್ಲ. ಅವನು ಎಡಕ್ಕೆ ತಿರುಗಿದ. ಎಡಗೈಯಲ್ಲಿ ಚೆಂಡನ್ನು ಎತ್ತಿದ. ಅಷ್ಟು ಚೆಂದವಾಗಿ ಎತ್ತಿದ್ದನ್ನು ನಾನು ಎಲ್ಲೂ ನೋಡಿಲ್ಲ. ಚೆಂಡು ಬುಟ್ಟಿಯ ಬಳೆಯ ಮೇಲೆ ಒಂದು ಸುತ್ತು ಬಂತು, ಇನ್ನೊಂದು ಅರ್ಧ ಸುತ್ತು ಬಂತು, ಯೋಚಿಸಿತು, ಹೊರಗೆ ಬಿತ್ತು.

ಗಂಟೆ ಹೊಡೆಯಿತು. ಶ್ರೀಮತಿ ಸ್ಪೈವಿ ನನ್ನ ಕಡೆ ತಿರುಗಿ, ‘ಬಲಗೈಲೇ ಹಾಕ್ಬೇಕಿತ್ತು’ ಎಂದರು. ನಾನು ಅವರನ್ನು ಕ್ಷಮಿಸಿದ್ದೇನೆ.

ಆಟಗಾರರು ಕೈಕುಲುಕಿ ಹೊರಟರು. ಸ್ಪೈವಿ ಹೊರಡಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ನೇರವಾಗಿ ನಮ್ಮ ಸಾಲಿನ ಕೆಳಗೆ ಬಂದು, ತಲೆಯೆತ್ತಿ ನನ್ನನ್ನು ನೋಡುತ್ತಾ ನಿಂತ. ಕಾಯುತ್ತಿದ್ದ ಎಂದು ಆಮೇಲೆ ಗೊತ್ತಾಯಿತು. ನಾನು ಬಾಯಿ ತೆರೆದೆ. ಕಾಲು ಸರಿಯಾಗಿ ಊರಲಿಲ್ಲ ಎನ್ನಬಹುದಿತ್ತು, ಬೇಗ ಎತ್ತಿದೆ ಎನ್ನಬಹುದಿತ್ತು. ಯಾವುದೂ ಬರಲಿಲ್ಲ.

‘ಚೆನ್ನಾಗಿ ಆಡ್ದೆ ಕಣೋ’ ಎಂದೆ.

ಅವನ ಮುಖ ಇಳಿದುಹೋಯಿತು.

‘ಅಷ್ಟೊಂದು ಕೆಟ್ಟದಾಗಿ ಆಡಿದ್ನಾ ಡಾಕ್ಟ್ರೇ?’ ಎಂದು ಕೇಳಿದ.

ಸಭಿಕರೇ, ನನ್ನ ಮಾತು ಮುಗಿಯಿತು. ಕೋಳಿ ಆರುವ ಮೊದಲು ಮುಗಿಸಿದ್ದಕ್ಕೆ ನೀವು, ಇಷ್ಟು ಹೊತ್ತು ಕೂತದ್ದಕ್ಕೆ ನಾನು, ಪರಸ್ಪರ ಋಣಿಗಳು. ನೆಲಮಾಳಿಗೆ ಕೊಟ್ಟ ಪಾದ್ರಿಗಳಿಗೆ, ಮಗನನ್ನು ಕೊಟ್ಟ ತಾಯಿಗೆ, ಕಂಬಳಿಯನ್ನು ನನ್ನ ಜೊತೆ ಹಂಚಿಕೊಂಡ ನನ್ನ ಹೆಂಡತಿಗೆ ವಂದನೆಗಳು. ಜೆವಾನ್, ಇಲ್ಲಿ ಬಾ, ಈ ಫಲಕ ತೆಗೆದುಕೋ. ಎರಡೂ ಕೈಯಲ್ಲಿ ಹಿಡಿಯಪ್ಪ, ಭಾರವಿದೆ. ಎಲ್ಲರಿಗೂ ನಮಸ್ಕಾರ.