ಎಡಕ್ಕೆ ವಾಲಿದ ಹಿಡಿ

ಬಾಗಿಲು ಹಾಕಿದ್ರಾ? ಅಗಣಿನೂ ಹಾಕಿ. ಹೆದರಿಕೆಗಲ್ಲ, ಚಳಿ ಬರುತ್ತೆ... ಸರಿ, ಹೆದರಿಕೆಗೂ ಅಂತಲೇ ಇಟ್ಕೊಳ್ಳಿ.

ಇದು ಕಟ್ಟುಕತೆ ಅಲ್ಲ. ನಮ್ಮ ಸೋದರಮಾವ ಪೆತ್ರುಸ್ ಮನೇಲಿ ನಡೆದದ್ದು. ಇದೇ ಸೇಂತ್ ಎತಿಯೆನ್ನಲ್ಲಿ, ಇಲ್ಲಿಂದ ಎರಡು ಬೀದಿ ಆಚೆ. ನಾನೇ ಕಣ್ಣಾರೆ ಕಂಡಿದ್ದೀನಿ. ನಂಬದೇ ಇರೋರು ಈಗಲೇ ಎದ್ದು ಹೋಗಿ. ಮಧ್ಯದಲ್ಲಿ ಯಾರಾದ್ರೂ ಕಿಸಕ್ಕನೆ ನಕ್ಕರೆ ನಾನು ಸುಮ್ಮನಿರೋಳಲ್ಲ.

ಜರ್ಮನ್ನರ ಜೊತೆ ಯುದ್ಧ ನಡೀತಾ ಇತ್ತು. ಚಳಿಗಾಲ. ಬಂದೂಕಿನ ಹೆಗಲಿಗೊತ್ತೋ ಮರದ ಹಿಡಿಗಳಿಗೆ ಪಾಲಿಶ್ ಮಾಡಿ ಮುಗಿಸಿ, ಅವನ್ನ ಗೋಣಿಯಲ್ಲಿ ಸುತ್ಕೊಂಡು, ಹೊತ್ತು ಮೀರಿ ಮನೆಗೆ ಹೋಗ್ತಿದ್ದೆ. ಮಾವನ ವಠಾರದ ಬಾವಿ ದಾಟಿಯೇ ಹೋಗಬೇಕು. ಕತ್ತಲು ಅಂದ್ರೆ ಕತ್ತಲು. ಬಾವಿಯ ರಾಟೆ ಗಾಳಿಗೆ ಕಿಂಯ್... ಕಿಂಯ್... ಅಂತಿತ್ತು. ಅದು ದಿನಾ ಕೇಳೋ ಸದ್ದು, ಅದಕ್ಕೇನು ಹೆದರೋದು. ಆಮೇಲೆ ಇನ್ನೊಂದು ಸದ್ದು ಬಂತು.

ಸರ್ರ್... ಠಕ್.

ನನ್ನ ಕಾಲು ಅಲ್ಲೇ ನಿಂತುಹೋಯ್ತು.

ಬಂದೂಕು ಮಾಡೋ ಈ ಊರಲ್ಲಿ ಹುಟ್ಟಿದವರಿಗೆ ಬಂದೂಕಿನ ಸದ್ದು ಹೇಳಿಕೊಡಬೇಕಾ? ನಡು ಮುರಿದು ತೋಟಾ ತುಂಬೋ ಬಂದೂಕು ಕಟಕ್ ಅನ್ನುತ್ತೆ. ತೋಟಾದ ಪಕ್ಕದಲ್ಲಿ ಸಣ್ಣ ಮೊಳೆ ಎದ್ದಿರುತ್ತಲ್ಲ, ಆ ಹಳೇ ಕಾಲದ್ದು ಟಿಣ್ ಅನ್ನುತ್ತೆ. ಮುಷ್ಟಿಯಲ್ಲಿ ಹಿಂಡಿದ್ರೆ ಗುಂಡು ಹಾರೋ ಅಂಗೈ ಪಿಸ್ತೂಲಿದೆ, ಅದು ಕ್ಚಕ್ ಅಂತ ಹಲ್ಲು ಕಡಿಯುತ್ತೆ. ಕೈಕೋಲಿನೊಳಗೆ ಬಂದೂಕು ಅಡಗಿಸಿದವರೂ ನಮ್ಮವರೇ. ಎಲ್ಲರ ಹಾಗೆ ನೆಟ್ಟಗಿನ ಬಂದೂಕು ಮಾಡ್ರಪ್ಪಾ ಅಂದ್ರೆ ಮಾತ್ರ ಮೈ ತುರಿಸುತ್ತೆ ಇವರಿಗೆ.

ಆದ್ರೆ ಸರ್ರ್, ಠಕ್ ಅನ್ನೋದು ಒಂದೇ ಒಂದು ಬಂದೂಕು. ಮಾವ ಮತ್ತೆ ಅವನ ಮಗ ಗ್ಲೋದ್ ಸೇರಿ ಮಾಡಿದ್ದು. ಅದರ ನಡು ಮುರಿಯೋ ಹಾಗಿಲ್ಲ. ಮೇಲಿನ ಕಿವಿಯಂಥ ಸನ್ನೆ ಎತ್ತಿ ಎಳೆದ್ರೆ ತೋಟಾ ತುಂಬೋ ಹಿಂಬಾಯಿ ಮೇಜಿನ ಡ್ರಾಯರ್ ಥರ ಹಿಂದಕ್ಕೆ ಜಾರುತ್ತೆ. ಜಾರೋ ಬಂದೂಕು ಬೇರೆಯವರೂ ಮಾಡ್ತಾರೆ, ಇಲ್ಲ ಅನ್ನಲ್ಲ. ಗ್ಲೋದ್ ಮಾತ್ರ ಕೊನೇಲಿ ಒಂದು ಕಡೆ ಅರದಿಂದ ಸ್ವಲ್ಪ ಜಾಸ್ತಿ ಉಜ್ಜಿಬಿಟ್ಟಿದ್ದ. ಅಲ್ಲಿ ಅದು ಒಂದು ಉಸಿರು ತಡೆದು, ಆಮೇಲೆ ಠಕ್ ಅಂತ ಕೂರೋದು.

ಕೆಲಸದ ಕೋಣೆಗೆ ಹೊರಗಿನಿಂದ ಬೀಗ. ಬಂದೂಕು ಒಳಗೆ. ಗ್ಲೋದ್ ಯುದ್ಧಕ್ಕೆ ಹೋಗಿ, ಕಾಣೆ ಅಂತ ಸುದ್ದಿ ಬಂದು ಆಗಲೇ ಹಿಮ ಬಿದ್ದು ಕರಗಿ ಮತ್ತೆ ಬಿದ್ದಿತ್ತು.

ಸತ್ತ ಅಂತಲ್ಲ. ಕಾಣೆ ಅಂತ. ಆ ಒಂದು ಮಾತು ಆ ಮನೇನ ಸುಟ್ಟುಹಾಕ್ತು. ಬೆನ್ವಾತ್ ಅತ್ತೆ, ಅವನ ತಾಯಿ, ಆತ್ಮಶಾಂತಿಯ ಪೂಜೆ ಮಾಡಿಸೋಣ ಅಂತ ಅಳೋಳು. ಮಾವ ಬೆಂಕಿಯಾಗ್ತಿದ್ದ.

"ಬದುಕಿರೋ ಮಗನನ್ನ ನೀನೇ ಹೂತುಹಾಕ್ತೀಯೇನೇ?"

"ಅವನು ಎಲ್ಲೋ ಬಯಲಲ್ಲಿ ಬಿದ್ದಿದ್ರೆ? ಒಂದು ಪ್ರಾರ್ಥನೆನೂ ಇಲ್ದೆ?"

"ಬಾಯ್ಮುಚ್ಚು. ಬಂದೂಕು ಅವನಿಗೋಸ್ಕರ ಕಾಯ್ತಾ ಇದೆ."

ಮಾವನ ಬೀದಿಯ ಬಂದೂಕಿನವರ ಕಟ್ಟಳೆ ನಿಮಗೆ ಗೊತ್ತಲ್ಲ. ಯಾರ ಅಳತೆಗೆ ಹಿಡಿ ಕೆತ್ತಿದ್ದೋ ಅವನೇ ಮೊದಲು ಹೆಗಲಿಗೇರಿಸಬೇಕು. ಕೆತ್ತಿದ ಅಪ್ಪನೂ ಏರಿಸೋ ಹಾಗಿಲ್ಲ. ಗ್ಲೋದ್ ಹೊರಡೋ ಹಿಂದಿನ ದಿನ ಮಾವ ಅವನ ತೋಳು, ಕತ್ತು, ಕೆನ್ನೆ ಎಲ್ಲಾ ಅಳೆದಿದ್ದ. ನಾನೂ ಅಲ್ಲೇ ಇದ್ದೆ. ಬಾಯಿ ಸುಮ್ಮನಿರುತ್ತಾ?

"ಮಾವ, ಕೆನ್ನೆ ತಾಗೋ ಜಾಗ ಚೆನ್ನಾಗಿ ನುಣುಪು ಮಾಡು. ನಿನ್ನ ಮಗನದು ಇನ್ನೂ ಹಸುಗೂಸಿನ ಕೆನ್ನೆ, ಗೀರಿಬಿಡುತ್ತೆ," ಅಂದೆ.

ಗ್ಲೋದ್ ಕಿವಿವರೆಗೂ ಕೆಂಪಾದ. "ಇರು ತ್ವಾನೆತ್, ಗಡ್ಡ ಬಿಟ್ಕೊಂಡೇ ಬರ್ತೀನಿ. ನಿನ್ನ ಪಾಲಿಶ್‌ನೆಲ್ಲಾ ಕೆರೆದು ಹಾಕಲಿಲ್ಲ ಅಂದ್ರೆ ಕೇಳು," ಅಂದ. ಮುಂದಿನ ಹಲ್ಲು ಒಂದು ಚೂರು ಮುರಿದಿತ್ತು ಅವನಿಗೆ, ನಕ್ಕರೆ ಕಾಣೋದು. ಅಷ್ಟೇ ನೋಡಿ, ಅವನು ನನ್ನ ಜೊತೆ ಆಡಿದ ಕೊನೇ ಮಾತು.

ಹ್ಞೂಂ... ಒಂದು ಗುಟುಕು ಏನಾದ್ರೂ ಕೊಡಿ.

ಆ ಸದ್ದು ಕೇಳಿದ ಮಾರನೇ ಬೆಳಿಗ್ಗೆ ಮಾವ ನನ್ನ ಮೇಲೆ ಹಾರಿಬಿದ್ದ.

"ನೀನೇನೇ ಈ ಹಿಡಿ ಕೆಡಿಸಿದ್ದು?"

"ನನಗೇನು ಹುಚ್ಚಾ ಮಾವ? ನಾನು ಎಣ್ಣೆ ಹಚ್ಚೋಳು. ಅರ ಮುಟ್ಟಿದ್ರೆ ನೀನು ಕೈ ಮುರೀತೀಯ."

ಮರ ಕಚ್ಚಿ ಹಿಡಿಯೋ ವೈಸಿನ ಕೆಳಗೆ ಅಕ್ರೋಟು ಮರದ ಹೊಸಾ ಪುಡಿ ಬಿದ್ದಿತ್ತು. ಹಿಡಿಯ ಒಂದು ಪಕ್ಕ ಯಾರೋ ಉಜ್ಜಿದ್ರು. ಅದೂ ತಪ್ಪು ಪಕ್ಕ. ಹಿಡಿ ಅನ್ನೋದು ನೆಟ್ಟಗಿರಲ್ಲ ಅಲ್ವಾ? ಬಲಗೈಯವನಿಗೆ ಒಂದು ಕೂದಲಷ್ಟು ಬಲಕ್ಕೆ ವಾಲಿರಬೇಕು. ಆಗ ಅವನ ಬಲಗಣ್ಣು ತಾನಾಗಿ ನಳಿಗೆಯ ಮೇಲೆ ಬಂದು ಕೂರುತ್ತೆ. ಎಡಗಣ್ಣಲ್ಲಿ ಗುರಿ ಹಿಡಿಯೋನಿಗೆ ಎಡಕ್ಕೆ ವಾಲಬೇಕು. ಗ್ಲೋದ್ ಬಲಗೈಯವನು. ಆದ್ರೆ ಅದನ್ನ ಎಡಕ್ಕೆ ತಿರುಗಿಸೋ ಹಾಗೆ ಉಜ್ಜಿತ್ತು ಆ ಕೈ.

ಮಾವ ಏನು ಮಾಡಿದ ಗೊತ್ತಾ? ತೆಳ್ಳಗೆ ಅಕ್ರೋಟು ಚಕ್ಕೆ ಸೀಳಿ, ಅಂಟು ಹಾಕಿ ಕೂರಿಸಿ, ಮತ್ತೆ ಮೊದಲಿನ ಹಾಗೇ ಮಾಡಿದ. ಬೆಳಗಾದ್ರೆ ಮತ್ತೆ ಪುಡಿ. ಮತ್ತೆ ಅಂಟಿಸಿದ. ಬೀಗ ಬದಲಾಯಿಸಿದ. ಮತ್ತೆ ಪುಡಿ! "ಅಳತೆ ಅಂದ್ರೆ ಅಳತೆ. ನನ್ನ ಮಗನ ಅಳತೆ ಯಾವ ಬೋಳಿಮಗನೂ ಬದಲಾಯಿಸೋ ಹಾಗಿಲ್ಲ," ಅಂತ ವಠಾರಕ್ಕೆಲ್ಲಾ ಕೇಳೋ ಹಾಗೆ ಕೂಗಾಡಿದ. ಹಟ ಅಂದ್ರೆ ಹಟ. ಯಾರು ಯಾರ ಕೆಲಸ ಕೆಡಿಸ್ತಿದ್ರು ಅಂತ ಆಮೇಲೆ ತಾನೆ ಗೊತ್ತಾಗಿದ್ದು.

ಕೊನೆಗೆ ಕಳ್ಳನನ್ನ ಹಿಡಿದೇಬಿಡ್ತೀನಿ ಅಂತ ಮಾವ ಒಳಗೇ ಕೂತ. ಅತ್ತೆ ಬಿಡಲಿಲ್ಲ, ಅವಳೂ ಬಂದ್ಳು, ನನ್ನನ್ನೂ ಎಳೆದ್ಲು. ಒಳಗಿನಿಂದ ಬೀಗ ಹಾಕಿ, ದೀಪ ಆರಿಸಿ, ಒಲೆಯ ಹಿಂದೆ ಮೂರು ಜನ. ಅತ್ತೆ ಮಡಿಲಲ್ಲಿ ತಟ್ಟೆ ಇತ್ತು, ಅದರ ಮೇಲೆ ಬಟ್ಟೆ. ಒಳಗೆ ಆಲೂಗಡ್ಡೆ ತುರಿದು ತಟ್ಟಿ ಹುರಿದ ರಾಪೆ. ದಿನಾ ಗ್ಲೋದ್ ಪಾಲಿಂದು ಒಂದು ತೆಗೆದಿಡೋಳು, ದಿನಾ ಬೆಳಿಗ್ಗೆ ತಾನೇ ತಿನ್ನೋಳು.

ಬಹಳ ಹೊತ್ತು ಏನೂ ಇಲ್ಲ... ರಾಟೆ ಕಿಂಯ್ ಅನ್ನೋದೂ ನಿಂತಿತು.

ಟಕ್... ಟಕ್... ಮೊಳೆ ಹೊಡೆದ ಬೂಟು. ಬಾಗಿಲು ತೆರೀಲಿಲ್ಲ. ಬೀಗ ಅಲುಗಲಿಲ್ಲ. ಸದ್ದು ಮಾತ್ರ ಒಳಗಿತ್ತು.

ಸರ್ರ್... ಠಕ್.

ಆಮೇಲೆ ಅರ. ಖರ್... ಖರ್... ಖರ್... ನಿಧಾನ, ಮರದ ನಾರು ನೋಡಿಕೊಂಡು ಉಜ್ಜೋ ಕೈ. ನಡುವೆ ನಿಲ್ಲಿಸಿ ಪುಡಿ ಊದೋದು. ಊದಿದಾಗ ಫೂ ಅನ್ನಲಿಲ್ಲ ಕಣ್ರೇ... ಫ್ಯೂಯ್ ಅಂತು. ಮುರಿದ ಹಲ್ಲಿನ ಸಂದಿಯಿಂದ ಬರೋ ಸಿಳ್ಳೆ.

ಅತ್ತೆ ನನ್ನ ಕೈ ಹಿಡಿದ್ಲು. ಉಗುರು ಇಳೀತು.

"ಗ್ಲೋದ್," ಅಂದ ಮಾವ. ಪಿಸುಮಾತು. "ನೀನು ಎಡಗೈಯವನಲ್ವಲ್ಲೋ, ಮಗನೇ..."

ಅರ ನಿಂತಿತು.

"ಊಟ ಆಯ್ತೇನಪ್ಪಾ?" ಅಂದ್ಲು ಅತ್ತೆ.

ಮತ್ತೆ ಖರ್... ಖರ್... ಅಪ್ಪ ಅಂಟಿಸಿದ ಚಕ್ಕೆನ ಮತ್ತೆ ಉಜ್ಜಿ ತೆಗೆಯೋ ಸದ್ದು. ಸುಸ್ತಾದವನ ಕೈ ಅದು. ಕೇಳೋಕೆ ಆಗ್ತಿರಲಿಲ್ಲ.

ಮಾವ ಎರಡೂ ಕೈಯಲ್ಲಿ ಮುಖ ಮುಚ್ಕೊಂಡ. "ಬೆನ್ವಾತ್... ಬಲಗಣ್ಣು ಹೋಗಿದೆ ಕಣೇ. ನನ್ನ ಮಗನ ಬಲಗಣ್ಣು ಹೋಗಿದೆ. ಎಡಗಣ್ಣಿಗೆ ಸರಿ ಮಾಡ್ಕೊತಾ ಇದಾನೆ. ನಾನು ಪಾಪಿ, ದಿನಾ ಕೆಡಿಸ್ತಾ ಇದ್ನಲ್ಲೇ..."

ದೀಪ ಹಚ್ಚಿದಾಗ ಯಾರೂ ಇರಲಿಲ್ಲ. ಪುಡಿ ಮಾತ್ರ.

ಬೆಳಗಾಗ್ತಿದ್ದ ಹಾಗೇ ಮಾವ ಹೊಸ ಮರ ತೆಗೆದ. ಒಂದೇ ಉಸಿರಲ್ಲಿ ಎಡಗಣ್ಣಿನವನಿಗೆ ಹಿಡಿ ಕೆತ್ತಿದ. ಕೆತ್ತುತ್ತಾ ನಗ್ತಿದ್ದ! "ಕಣ್ಣು ಹೋದ್ರೆ ಹೋಗ್ಲಿ. ಒಕ್ಕಣ್ಣನಾದ್ರೂ ಬದುಕಿದಾನಲ್ಲ. ಸತ್ತವನಿಗೆ ಹಿಡಿಯ ಅಳತೆ ಯಾಕೆ ಬೇಕು, ನೀನೇ ಹೇಳು ತ್ವಾನೆತ್?" ಬೀಗ ಹಾಕಿದ ಬಾಗಿಲಿಂದ ಬದುಕಿರೋರು ಬರಲ್ಲ ಮಾವ ಅನ್ನೋ ಬದಲು ನಾನು ನೆಲದ ಪುಡಿ ಗುಡಿಸಿದೆ. ಅತ್ತೆಗೆ ಗೊತ್ತಿತ್ತು. ಅವಳು ಅವತ್ತಿಂದ ರಾಪೆ ತೆಗೆದಿಡಲಿಲ್ಲ.

ಹೊಸಾ ಹಿಡಿ ಹಾಕಿದ್ದೇ ಸದ್ದೂ ನಿಂತಿತು. ಪಾಲಿಶ್ ಮಾಡ್ಲಾ ಅಂದ್ರೆ ಮಾವ ಬೇಡ ಅಂದ. "ಅವನು ಬಂದು ಹೆಗಲಿಗಿಟ್ಟು ಸರಿ ಇದೆ ಅನ್ನಲಿ. ಆಮೇಲೆ."

ಯುದ್ಧ ಮುಗೀತು. ರೈಲು ಬಂದಾಗೆಲ್ಲಾ ಮಾವ ಸ್ಟೇಷನ್ನಿಗೆ ಓಡೋನು, ಒಂದು ಕಣ್ಣಿಗೆ ಪಟ್ಟಿ ಕಟ್ಟಿದ ಹುಡುಗ ಸಿಕ್ಕಿದ್ರೆ ಗಲ್ಲ ಹಿಡಿದು ನೋಡೋನು. ಬೈಸಿಕೊಂಡೂ ಬರೋನು.

ಬಂದವನು ಎನ್ಮಾಂ ಅಂತ ಒಬ್ಬ ಗಣಿ ಕೆಲಸದವನು. ಯುದ್ಧದಲ್ಲಿ ಗ್ಲೋದ್ ಜೊತೆ ಒಂದೇ ಗುಂಡಿಯಲ್ಲಿ ಬಿದ್ದಿದ್ದವನು, ಅಲ್ಲೇ ಜರ್ಮನ್ನರ ಕೈಗೆ ಸಿಕ್ಕಿ ಸೆರೇಲಿದ್ದ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ. ಅತ್ತೆ ಕುರ್ಚಿ ಎಳೆದ್ರೂ ಕೂರಲಿಲ್ಲ.

"ಬಲಗಣ್ಣಿಗೆ ಸಿಡಿಗುಂಡಿನ ಚೂರು ಬಡೀತು ದೊಡ್ಡಪ್ಪಾ. ಬೆಳಗಾಗೋವರೆಗೂ ಇದ್ದ. ನೋವಲ್ಲೂ ತಮಾಷೆ ಮಾಡ್ತಿದ್ದ. ಅಪ್ಪನಿಗೆ ಹೇಳಬೇಕು, ಹಿಡಿ ಎಡಕ್ಕೆ ತಿರುಗಿಸು ಅಂತ... ಇಲ್ಲಾಂದ್ರೆ ಆ ಮುದುಕ ಹಳೇ ಅಳತೆಗೇ ಕೆತ್ತಿಡ್ತಾನೆ ಅಂದ. ಅದೇ ಕೊನೆ."

ಮಾವ ಅಳಲಿಲ್ಲ. ಗೋಡೆಯಿಂದ ಬಂದೂಕು ಇಳಿಸಿ ನನ್ನ ಮುಂದೆ ಇಟ್ಟ.

"ತ್ವಾನೆತ್... ಪಾಲಿಶ್ ಮಾಡು," ಅಂದ.

ಆವಾಗ ಅತ್ತೆ ಗೋಳಾಡಿ ಅತ್ತಳಲ್ಲ, ಅಷ್ಟು ವರ್ಷದ ಅಳು. ಪಾಲಿಶ್ ಮಾಡು ಅಂದ್ರೆ ಏನು ಅಂತ ಅವಳಿಗೆ ಅರ್ಥ ಆಗಿತ್ತು.

ಮಾರನೇ ದಿನ ಚರ್ಚಿನಲ್ಲಿ ಪೂಜೆ ಅಂತ ನಿಶ್ಚಯ ಆಯ್ತು. ಆ ಸಂಜೆ ನಾನು ಅಗಸೆ ಎಣ್ಣೆ ಹಚ್ಚಿದೆ. ಕೆನ್ನೆ ತಾಗೋ ಜಾಗವನ್ನ ಅಂಗೈಯಲ್ಲೇ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದೆ. ನುಣುಪು ಮಾಡು ಅಂತ ಅವತ್ತು ಹೇಳಿದೋಳು ನಾನೇ ತಾನೆ. ಒಣಗೋವರೆಗೂ ಯಾರೂ ಮುಟ್ಟಬೇಡಿ ಅಂದೆ. ಮಾವ ಅವತ್ತು ಕೋಣೆಗೆ ಬೀಗ ಹಾಕಲಿಲ್ಲ.

ಆ ರಾತ್ರಿ ಒಂದೇ ಸಲ ಕೇಳಿಸ್ತು. ಸರ್ರ್... ಠಕ್. ಅರ ಇಲ್ಲ, ಬೂಟಿಲ್ಲ. ಅಷ್ಟೇ.

ಬೆಳಿಗ್ಗೆ ಪೂಜೆಗೆ ಹೊರಡೋ ಮುಂಚೆ ಬೆಳಕಿಗೆ ಹಿಡಿದು ನೋಡಿದೆ. ಎಡಗಣ್ಣಿನವನ ಕೆನ್ನೆ ತಾಗೋ ಜಾಗದಲ್ಲಿ, ಹಸೀ ಎಣ್ಣೆ ಮೇಲೆ, ಒಂದು ಕೆನ್ನೆಯ ಗುರುತು. "ಒರೆಸಬೇಡ," ಅಂದ ಮಾವ. ಒರೆಸಲಿಲ್ಲ. ಹಾಗೇ ಒಣಗಿತು. ಇವತ್ತಿಗೂ ಇದೆ, ಬೇಕಾದ್ರೆ ನಾಳೆ ಬನ್ನಿ, ತೋರಿಸ್ತೀನಿ.

ಮಾವನದಲ್ಲ ಅದು. ಮಾವ ದಿನಾ ನುಣ್ಣಗೆ ಕ್ಷೌರ ಮಾಡ್ಕೊಳ್ಳೋನು. ಆ ಗುರುತಿನ ತುಂಬಾ ಸಣ್ಣ ಸಣ್ಣ ಗೀರುಗಳಿವೆ... ಗಡ್ಡದ್ದು.