ಹತ್ತಿರದ ಕೆಂಪು ಬಟನ್ ಬಿಟ್ಟು ಗೋಡೆಯ ಸ್ವಿಚ್ಚಿಗೆ ಓಡಿದ್ದು ಯಾಕೆ ಎಂಬ ಬಗ್ಗೆ

ಹೆಸರು: ಗುರುತಿನ ಚೀಟಿ ನೋಡಿ ಠಾಣೆಯವರು ಬರೆದುಕೊಂಡಿದ್ದಾರೆ, ಕಾರ್ಖಾನೆಯಲ್ಲಿ ಪೊರಕೆ ಅಜ್ಜಿ ಎಂದರೆ ಸಾಕು.
ವಯಸ್ಸು: ಅರವತ್ತೇಳು. ಓದು: ನಾಲ್ಕನೇ ತರಗತಿ.
ಕೆಲಸ: ಲೇತ್ ಕಾರ್ಖಾನೆಯಲ್ಲಿ ಕಸ ಗುಡಿಸುವುದು, ನೆಲ ಮತ್ತು ಮೆಷಿನ್ ಒರೆಸುವುದು. ಒಂಬತ್ತು ವರ್ಷವಾಯಿತು.
ವಾಸ: ದರ್ಜಿ ಅಂಗಡಿಯ ಹಿಂದಿನ ಕೋಣೆ. ಒಬ್ಬಳೇ.

ಠಾಣೆಯವರ ಗಮನಕ್ಕೆ ನಾನು ತರುವುದು ಇಷ್ಟು.

ನಿನ್ನೆ ನಾನು ಹೇಳಿದ್ದನ್ನು ಠಾಣೆಯ ರೈಟರ್ ಬರೆದು ಓದಿ ಹೇಳಿದರು. ಅಕ್ಷರ ಚೆನ್ನಾಗಿತ್ತು. ಆದರೆ ನನ್ನ ತಪ್ಪು ಬರುವ ಕಡೆಯೇ ನಾಲ್ಕು ಸಾಲು ನುಂಗಿದ್ದರು. ಕೇಳಿದರೆ, ಅದೆಲ್ಲಾ ಯಾಕಜ್ಜಿ, ಸುಮ್ನೆ ನಿಮಗೇ ತೊಂದ್ರೆ ಎಂದರು. ಆದ್ದರಿಂದ ಇದನ್ನು ನಾನೇ ಕೈಯಾರೆ ಬರೆದು ಕೊಡುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಲಿ. ಮಾತು ತಿದ್ದುವುದು ಬೇಡ.

ಕಾರ್ಖಾನೆಯ ಮೂರನೇ ನಂಬರಿನ ಮೆಷಿನ್ ಕಂಪ್ಯೂಟರ್ ಹೇಳಿದಂತೆ ಕಬ್ಬಿಣ ಕೊರೆಯುವ ಲೇತ್. ಅದನ್ನು ನಡೆಸುವವಳು ಮೂವತ್ತೈದರ ಹೆಣ್ಣುಮಗಳು. ನಾನು ಅವಳನ್ನು ಮೂರನೇ ನಂಬರ್ ಎಂದೇ ಕರೆಯುವುದು. ಆ ಶೆಡ್ಡಿನ ಇಪ್ಪತ್ತೆರಡು ಜನರಲ್ಲಿ ನನ್ನ ಜೊತೆ ಮಾತಾಡುವವಳು ಅವಳೊಬ್ಬಳೇ. ಮಿಕ್ಕವರು, ನಾನು ಗುಡಿಸಲು ಬಂದರೆ ಕಾಲು ಎತ್ತುತ್ತಾರೆ, ಅಷ್ಟೇ. ಮಧ್ಯಾಹ್ನ ಒಂದರಿಂದ ಒಂದೂವರೆವರೆಗೆ ಹಿಂದಿನ ಬಾಗಿಲ ಬಳಿ ಬೋರಲು ಹಾಕಿದ ಪೆಟ್ಟಿಗೆಗಳ ಮೇಲೆ ಕುಳಿತು ನಾವಿಬ್ಬರೂ ಡಬ್ಬಿ ಬಿಚ್ಚುತ್ತೇವೆ. ನನ್ನ ಮಗಳು ಬೇರೆ ಊರಿನಲ್ಲಿದ್ದಾಳೆ. ಭಾನುವಾರ ಫೋನ್ ಮಾಡಿ ಮೊಮ್ಮಕ್ಕಳ ಕೈಗೂ ಕೊಡುತ್ತಾಳೆ. ಎಲ್ಲಾ ಭಾನುವಾರವೂ ಅಲ್ಲ. ಹಾಗಾಗಿ ದಿನಕ್ಕೆ ನನ್ನ ಮಾತುಕತೆ ಆ ಅರ್ಧ ಗಂಟೆಯೇ.

ಮೆಷಿನ್ನಿನ ಮುಂದೆ ಅಣಬೆಯಂಥ ಒಂದು ಕೆಂಪು ಬಟನ್ ಇದೆ. ಅದರೊಳಗೆ ಸದಾ ಕರೆಂಟ್ ಹರಿಯುತ್ತಿರುತ್ತದೆ, ಒತ್ತಿದರೆ ಆ ದಾರಿ ಕಡಿದು ಮೆಷಿನ್ ನಿಲ್ಲುತ್ತದೆ, ತಂತಿ ತಾನಾಗಿ ಸಡಿಲವಾದರೂ ನಿಲ್ಲುತ್ತದೆ ಎಂದು ಅವಳೇ ಊಟದ ಹೊತ್ತಿನಲ್ಲಿ ತಿಳಿಸಿದ್ದಳು. ಅಜ್ಜಿ, ನಿನ್ನ ಬಾಯಿಗೂ ಅಂಥದ್ದೊಂದು ಬೇಕು ಕಣೇ ಎಂದು ನಕ್ಕಿದ್ದಳು. ಇದ್ರೂ ನಿನ್ನ ಕೈಲಿ ಒತ್ತೋಕಾಗಲ್ಲ ಹೋಗೇ ಎಂದು ನಾನೂ ಅಂದಿದ್ದೆ.

ಒರೆಸುವಾಗ ಆ ಬಟನ್ ಒಳಗೆ ಹೋಗಿ ಮೆಷಿನ್ ನಿಂತದ್ದು ಒಂಬತ್ತು ವರ್ಷದಲ್ಲಿ ಮೂರು ಸಲ. ಮೂರನೆಯ ಸಲ ಸೂಪರ್‌ವೈಸರ್ ಎಲ್ಲರ ಮುಂದೆ, ಇನ್ನೊಂದ್ಸಲ ಮುಟ್ಟಿದ್ರೆ ನಾಳೆಯಿಂದ ಬರೋದೇ ಬೇಡ ಎಂದಿದ್ದರು.

ಹೋದ ತಿಂಗಳು ಇಪ್ಪತ್ಮೂರನೇ ತಾರೀಖು ಬುಧವಾರ ಮೆಷಿನ್ ತಾನಾಗಿ ನಾಲ್ಕು ಸಲ ನಿಂತಿತು. ಏನಾದ್ರೂ ಮಾಡಯ್ಯಾ, ಇನ್ಮೇಲೆ ನಿಲ್ಲಕೂಡದು ಎಂದು ಸೂಪರ್‌ವೈಸರ್ ಎಲೆಕ್ಟ್ರಿಷಿಯನ್ನಿಗೆ ಕೂಗಾಡಿದರು. ಸಂಜೆ ನಾಲ್ಕು ಗಂಟೆಗೆ ಎಲೆಕ್ಟ್ರಿಷಿಯನ್ ಮೆಷಿನ್ನಿನ ಹಿಂದೆ ತಂತಿಗಳಿರುವ ಬೀರು ತೆರೆದು, ಸುರುಳಿಯಿಂದ ನೀಲಿ ತಂತಿಯ ಒಂದು ತುಂಡು ಕತ್ತರಿಸಿ ಒಳಗೆ ಹಾಕಿದ್ದನ್ನು ನಾನು ನೋಡಿದೆ.

ಮರುದಿನ ಇಪ್ಪತ್ನಾಲ್ಕು, ಗುರುವಾರ, ಬೆಳಿಗ್ಗೆ ಹತ್ತೂ ಕಾಲಿಗೆ ಒರೆಸುವಾಗ ಬಟನ್ ಟಕ್ ಎಂದು ಒಳಗೆ ಹೋಯಿತು. ಮೆಷಿನ್ ಮಾತ್ರ ತಿರುಗುತ್ತಲೇ ಇತ್ತು. ಮೂರನೇ ನಂಬರ್ ಆಗ ಅಳತೆ ಮಾಡಲು ಆಚೆ ಹೋಗಿದ್ದಳು. ಬೈಗುಳ ತಪ್ಪಿತಲ್ಲ ಎಂದು ನಾನು ಬಟನ್ ತಿರುಗಿಸಿ ಮೊದಲಿನಂತೆ ಮಾಡಿ ಬಟ್ಟೆ ಹಿಂಡಿಕೊಂಡು ಹೋದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ಕೆಲಸ ಹೋಗುತ್ತದೆ, ಆ ಪೆಟ್ಟಿಗೆಯ ಮೇಲೆ ಅವಳ ಪಕ್ಕ ಕೂರುವುದೂ ಹೋಗುತ್ತದೆ. ಹತ್ತೊಂಬತ್ತು ದಿನ ಅವಳ ಪಕ್ಕದಲ್ಲೇ ಕೂತು ಊಟ ಮಾಡಿದೆ, ಬಾಯಿ ಬಿಡಲಿಲ್ಲ. ರೈಟರ್ ನುಂಗಿದ ಸಾಲುಗಳು ಇವೇ.

ಈ ತಿಂಗಳು ಹನ್ನೆರಡು, ಮಂಗಳವಾರ, ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ನಾನು ಬಟನ್ನಿನಿಂದ ಮೂರು ಹೆಜ್ಜೆ ದೂರದಲ್ಲಿ ಕಬ್ಬಿಣದ ಚೂರು ಗುಡಿಸುತ್ತಿದ್ದೆ. ಅವಳು ಮೆಷಿನ್ನನ್ನು ನಿಧಾನಕ್ಕೆ ತಿರುಗಲು ಬಿಟ್ಟು, ಅದರ ಬಾಗಿಲು ತೆರೆದು, ಎಮರಿ ಪೇಪರ್ ಹಿಡಿದು ಕಬ್ಬಿಣಕ್ಕೆ ಹೊಳಪು ಕೊಡುತ್ತಿದ್ದಳು. ಬಲಗೈಯ ತೋಳಬಟ್ಟೆ ಸಿಕ್ಕಿಕೊಂಡಿತು. ಅವಳು ಎಡಗೈಯಲ್ಲಿ ಬಟನ್ ಗುದ್ದಿದಳು. ಎರಡು ಸಲ. ನಾನು ಕಣ್ಣಾರೆ ಕಂಡೆ. ಅಜ್ಜೀ, ನಿಲ್ತಿಲ್ಲ ಎಂದು ಕೂಗಿದಳು. ನನಗೆ ಗೊತ್ತಿತ್ತು. ಅದಕ್ಕೇ ಬಟನ್ನಿನ ಕಡೆ ತಿರುಗಿಯೂ ನೋಡದೆ ಗೋಡೆಯ ಮೇನ್ ಸ್ವಿಚ್ಚಿಗೆ ಓಡಿದೆ. ದಿನಕ್ಕೆ ಎರಡು ಸಲ ಒರೆಸುವ ನೆಲ, ಹದಿನಾಲ್ಕು ಹೆಜ್ಜೆ. ನನ್ನ ಮಂಡಿಗೆ ಅದು ಬಹಳ ದೂರ. ಹಿಡಿ ಎಳೆದಾಗ ಶೆಡ್ಡಿನ ಎಲ್ಲಾ ಮೆಷಿನ್ನೂ ನಿಂತವು. ಆ ಶೆಡ್ಡು ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕೇಳಿರಲಿಲ್ಲ. ಅವಳ ಉಸಿರು ಗೋಡೆಯವರೆಗೂ ಕೇಳಿಸಿತು.

ಹನ್ನೆರಡೂ ಐದಕ್ಕೆ ಆಂಬ್ಯುಲೆನ್ಸ್ ಹೋಯಿತು. ಹನ್ನೆರಡೂ ಕಾಲಿಗೆ ಸೂಪರ್‌ವೈಸರ್ ಬಟನ್ ತಿರುಗಿಸಿ ಮೇಲೆತ್ತಿದರು. ಎಲೆಕ್ಟ್ರಿಷಿಯನ್ ಅದೇ ಬೀರು ತೆರೆದು ಒಳಗಿಂದ ಒಂದು ತಂತಿ ಕಿತ್ತು, ಸಡಿಲವಾಗಿದ್ದ ಇನ್ನೊಂದನ್ನು ಬಿಗಿಮಾಡಿದ. ಕಿತ್ತದ್ದನ್ನು ನೆಲಕ್ಕೆ ಬಿಸಾಡಿದ. ಕೈ ಒರೆಸಿದ ಕಾಗದವಾಗಲಿ, ಮುರಿದ ಸ್ಕ್ರೂ ಆಗಲಿ ಅವರು ಬಿಸಾಡುವುದು ನೆಲಕ್ಕೇ. ಗುಡಿಸಲು ನಾನಿದ್ದೇನಲ್ಲ. ಸೂಪರ್‌ವೈಸರ್ ನನಗೆ ರಕ್ತ ತೊಳೆಯಲು ಹೇಳಿದರು. ಆಮೇಲೆ, ಅವಳು ಗಾಬರೀಲಿ ಬಟನ್ನೇ ಒತ್ತಲಿಲ್ಲ, ಪೊಲೀಸ್ನೋರು ಕೇಳಿದ್ರೆ ಹಾಗನ್ನು, ನಿನಗ್ಯಾಕೆ ಊರ ಉಸಾಬರಿ ಎಂದರು. ಒಂದೂ ಇಪ್ಪತ್ತಕ್ಕೆ ಪೊಲೀಸರು ಬಂದು ಒತ್ತಿದಾಗ ಬಟನ್ ಕೆಲಸ ಮಾಡಿತು. ಮಾಡದೆ ಏನು!

ನೆಲ ತೊಳೆಯುವ ಮುಂಚೆ ನಾನು ಗುಡಿಸಿದೆ. ಮೊರದಲ್ಲಿ ಸಿಕ್ಕ ನೀಲಿ ತಂತಿ ಒಂದು ಗೇಣು ಉದ್ದವಿದೆ. ಎರಡೂ ತುದಿಯ ಸಿಪ್ಪೆ ಸುಲಿದಿದೆ. ಕನ್ನಡಕದ ಡಬ್ಬಿಯಲ್ಲಿಟ್ಟಿದ್ದೆ, ಈಗ ಇದರ ಜೊತೆ ಕೊಡುತ್ತಿದ್ದೇನೆ. ಬಟನ್ ಒತ್ತಿದರೂ ಕರೆಂಟ್ ಈ ತಂತಿಯ ಮೇಲೆ ದಾಟಿ ಹೋಗುತ್ತಿತ್ತು. ತಿಳಿದವರನ್ನು ಕೇಳಿ ನೋಡಬಹುದು.

ಅಂದು ಸಂಜೆ ಐದೂವರೆಗೆ ಆಸ್ಪತ್ರೆಗೆ ಹೋದೆ. ನೀವು ಅವರಿಗೆ ಏನಾಗಬೇಕು ಎಂದು ದಾದಿ ಕೇಳಿದರು. ಏನೂ ಆಗಬೇಕಿಲ್ಲ ಎಂದೆ. ಒಳಗೆ ಬಿಡಲಿಲ್ಲ. ಮೂರು ಬೆರಳು ಹೋಗಿವೆ ಎಂದಷ್ಟೇ ಹೇಳಿದರು. ಏಳೂವರೆವರೆಗೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದು ಬಂದೆ. ಅವಳ ಡಬ್ಬಿ ನನ್ನ ಬಳಿ ಇದೆ, ತೊಳೆದಿಟ್ಟಿದ್ದೇನೆ. ಅದು ಕೇಸಿಗೆ ಬೇಕಿಲ್ಲವಂತೆ.

ಅವಳು ಬಟನ್ ಒತ್ತಿದ್ದಳು. ತಪ್ಪು ಅವಳದಲ್ಲ. ತಂತಿ ಹಾಕಿಸಿದವರದು ಮತ್ತು ಹಾಕಿದವನದು. ಹತ್ತೊಂಬತ್ತು ದಿನದ್ದು ನನ್ನದು. ಠಾಣೆಯವರಲ್ಲಿ ಕೇಳಿಕೊಳ್ಳುವುದು ಇಷ್ಟೇ. ನಿಮ್ಮನ್ನಾದರೂ ಆಸ್ಪತ್ರೆಯವರು ಒಳಗೆ ಬಿಡುತ್ತಾರೆ. ಇದನ್ನು ಅವಳಿಗೆ ಪೂರ್ತಿ ಓದಿ ಹೇಳಿ. ಆ ನಾಲ್ಕು ಸಾಲು ಬಿಡಬೇಡಿ.

ಇಲ್ಲಿರುವುದು ನಾನು ಕಂಡದ್ದು, ನಾನು ಮಾಡಿದ್ದು. ಯಾರೂ ಹೇಳಿಕೊಟ್ಟು ಬರೆಸಿದ್ದಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಹದಿನಾಲ್ಕು, ಗುರುವಾರ, ಮಧ್ಯಾಹ್ನ ಒಂದು ಗಂಟೆ
ಸಹಿ: (ಹೆಬ್ಬೆಟ್ಟಲ್ಲ, ಸಹಿಯೇ)